ಸಾಮ್ರಾಜ್ಯದ ಅಭಿಮಾನಿ ಬಂಡಾಯಗಾರನಾದ ಕತೆ

ಬೆಂಜಮಿನ್ ಫ್ರಾಂಕ್ಲಿನ್ ಅಂದ ಕೂಡಲೇ ನೆನಪಾಗುವುದು ಗಾಳಿಪಟ, ಸಿಡಿಲು, ನೂರು ಡಾಲರ್ ನೋಟು. ಆದರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಈ ಮನುಷ್ಯ ಬದುಕಿನ ಬಹುಪಾಲು ಬ್ರಿಟಿಷ್ ಸಾಮ್ರಾಜ್ಯದ ಅಪ್ಪಟ ಅಭಿಮಾನಿಯಾಗಿದ್ದ.

ಹುಟ್ಟಿದ್ದು 1706ರಲ್ಲಿ, ಬಾಸ್ಟನ್‌ನಲ್ಲಿ. ಅಪ್ಪ ಮೇಣದಬತ್ತಿ, ಸೋಪು ಮಾಡಿ ಮಾರುತ್ತಿದ್ದ. ಮಗ ಶಾಲೆಗೆ ಹೋಗಿದ್ದು ಎರಡೇ ವರ್ಷ. ಹದಿನೇಳಕ್ಕೆ ಊರು ಬಿಟ್ಟು ಓಡಿದವನು ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯ ಹಾಕಿ, ಪತ್ರಿಕೆ ನಡೆಸಿ ಗೆದ್ದ. 1753ರಲ್ಲಿ ವಸಾಹತುಗಳ ಅಂಚೆ ಇಲಾಖೆಯ ಹುದ್ದೆ ಸಿಕ್ಕಿತು. ಮುಂದೆ ಮಗ ವಿಲಿಯಂ ನ್ಯೂಜೆರ್ಸಿಯ ಗವರ್ನರ್ ಆದ. ದೊರೆಯ ಜೊತೆ ಜಗಳವಾಡಲು ಕಾರಣವೇ ಇರಲಿಲ್ಲ.

1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಪತ್ರಿಕೆ, ಕೋರ್ಟ್ ಕಾಗದ, ಇಸ್ಪೀಟು ಎಲೆಗೂ ತೆರಿಗೆ. ತೆರಿಗೆ ಹಾಕಿದ ಸಂಸತ್ತಿನಲ್ಲಿ ವಸಾಹತುಗಳ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಲಂಡನ್‌ನಲ್ಲಿದ್ದ ಫ್ರಾಂಕ್ಲಿನ್ ಮೊದಲು ವಿರೋಧಿಸಿದ. ಕಾಯ್ದೆ ಪಾಸಾದ ಮೇಲೆ ಇನ್ನೇನು ಮಾಡೋಕಾಗುತ್ತೆ ಅಂತ ತನ್ನ ಗೆಳೆಯನನ್ನೇ ಸ್ಟಾಂಪ್ ಹಂಚುವ ಕೆಲಸಕ್ಕೆ ಶಿಫಾರಸು ಮಾಡಿದ. ಊರಿನ ಜನ ಕೆರಳಿದರು. ಅವನ ಮನೆ ಮೇಲೆ ದಾಳಿಯಾಗುವ ಭಯ ಹುಟ್ಟಿ, ಹೆಂಡತಿ ಡೆಬೊರಾ ಬಂದೂಕು ಇಟ್ಟುಕೊಂಡು ಕಾವಲು ಕೂತಳು.

ಜನ ಎಲ್ಲಿದ್ದಾರೆ, ತಾನೆಲ್ಲಿದ್ದೇನೆ ಅನ್ನೋದು ಆಗ ಅವನಿಗೆ ಅರ್ಥವಾಯಿತು. 1766ರ ಫೆಬ್ರವರಿಯಲ್ಲಿ ಹೌಸ್ ಆಫ್ ಕಾಮನ್ಸ್ ಮುಂದೆ ನಿಂತು ವಸಾಹತುಗಳ ಪರ ಪ್ರಶ್ನೆಗಳಿಗೆ ಉತ್ತರ ಕೊಟ್ಟ. ಮರುತಿಂಗಳೇ ಕಾಯ್ದೆ ರದ್ದಾಯಿತು. ಆದರೆ ಅದರ ಜೊತೆಗೇ, ವಸಾಹತುಗಳ ಮೇಲೆ ಯಾವ ಕಾನೂನನ್ನಾದರೂ ಹೇರುವ ಹಕ್ಕು ತನಗಿದೆ ಎಂದು ಸಂಸತ್ತು ಇನ್ನೊಂದು ಕಾಯ್ದೆ ಮಾಡಿಕೊಂಡಿತು. ತೆರಿಗೆ ಹೋಯಿತು, ದರ್ಪ ಉಳಿಯಿತು.

1773ರ ಡಿಸೆಂಬರ್‌ನಲ್ಲಿ ಬಾಸ್ಟನ್ ಜನ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಸಮುದ್ರಕ್ಕೆ ಸುರಿದರು. ಆ ಸುದ್ದಿ ಲಂಡನ್ ಮುಟ್ಟಿದ ಬಿಸಿಯಲ್ಲೇ, 1774ರ ಜನವರಿ 29ರಂದು ಪ್ರಿವಿ ಕೌನ್ಸಿಲ್ ಮುಂದೆ ಫ್ರಾಂಕ್ಲಿನ್ ನಿಲ್ಲಬೇಕಾಯಿತು. ಮ್ಯಾಸಚೂಸೆಟ್ಸ್ ಗವರ್ನರ್‌ನನ್ನು ತೆಗೆಯಬೇಕೆಂಬ ಅರ್ಜಿಯ ವಿಚಾರಣೆ ಅದು. ಆ ಗವರ್ನರ್‌ನ ಖಾಸಗಿ ಪತ್ರಗಳನ್ನು ಬಾಸ್ಟನ್‌ಗೆ ಕಳಿಸಿದ್ದು ಫ್ರಾಂಕ್ಲಿನ್ನೇ. ಸರ್ಕಾರಿ ವಕೀಲ ವೆಡರ್ಬರ್ನ್ ಅರ್ಜಿಯನ್ನು ಬದಿಗಿಟ್ಟು ಸುಮಾರು ಒಂದು ಗಂಟೆ ಅವನನ್ನೇ ಹೀಯಾಳಿಸಿದ. ಪ್ರಭುಗಳು ನಕ್ಕರು. 68ರ ಮುದುಕ ತುಟಿ ಬಿಚ್ಚದೆ ನಿಂತಿದ್ದ. ಅದರ ಬೆನ್ನಲ್ಲೇ ಅಂಚೆ ಹುದ್ದೆ ಹೋಯಿತು.

ಆಮೇಲೂ ಒಂದು ವರ್ಷ ರಾಜಿಗೆ ಪ್ರಯತ್ನಿಸಿದ. ಆಗಲಿಲ್ಲ. 1775ರಲ್ಲಿ ಊರಿಗೆ ಮರಳಿ, 1776ರಲ್ಲಿ ಘೋಷಣೆಗೆ ಸಹಿ ಹಾಕಿದ. 1778ರಲ್ಲಿ ಫ್ರಾನ್ಸ್ ಜೊತೆ ಮೈತ್ರಿ ಕುದುರಿಸಿ ಯುದ್ಧದ ದಿಕ್ಕು ಬದಲಿಸಿದ.

ಇದಕ್ಕೆ ಬೆಲೆಯನ್ನೂ ತೆತ್ತ. ದೊರೆಯ ಪರ ನಿಂತ ಮಗ ಜೈಲು ಸೇರಿದ, ಅಪ್ಪ ಅವನನ್ನು ಕೊನೆವರೆಗೂ ಕ್ಷಮಿಸಲಿಲ್ಲ. ಸ್ವಾತಂತ್ರ್ಯಕ್ಕೆ ಹೋರಾಡಿದ ಇವನ ಮನೆಯಲ್ಲೇ ಗುಲಾಮರಿದ್ದರು ಅನ್ನೋದನ್ನೂ ಮರೆಯಬಾರದು. 1790ರಲ್ಲಿ, ಸಾಯುವ ಎರಡು ತಿಂಗಳ ಮೊದಲು, ಗುಲಾಮಗಿರಿ ವಿರುದ್ಧ ಕಾಂಗ್ರೆಸ್‌ಗೆ ಹೋದ ಅರ್ಜಿಗೆ ಸಹಿ ಹಾಕಿದ. ತಡವಾಗಿತ್ತು, ಆದರೂ ಹಾಕಿದ. ಆ ಅರ್ಜಿಗೆ ಹೊಸ ಗಣರಾಜ್ಯವೂ ಕಿವಿಗೊಡಲಿಲ್ಲ.

ಅರ್ಜಿ ಹಿಡಿದು ಬಂದವನನ್ನು ದ್ರೋಹಿ ಅಂತ ಕರೆಯುವುದು ಆಳುವವರಿಗೆ ಸುಲಭ. 1774ರ ಆ ದಿನ ಲಂಡನ್ ಕಳೆದುಕೊಂಡಿದ್ದು ಶತ್ರುವನ್ನಲ್ಲ, ತನ್ನ ಪರವಾಗಿ ಇನ್ನೂ ಮಾತಾಡಬಲ್ಲವನಾಗಿದ್ದ ಒಬ್ಬ ಅಮೆರಿಕನ್ನನನ್ನು.