ಹೆನ್ರಿ ಮಾಡ್ಸ್ಲಿ

ಹೆನ್ರಿ ಮಾಡ್ಸ್ಲಿ 1771ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಜನಿಸಿದನು. ಹನ್ನೆರಡನೆಯ ವಯಸ್ಸಿಗೇ ಅಲ್ಲಿನ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೂಲಿ. ನಮ್ಮಂತೆ ಕಾಲೇಜಿನ ಮುಖ ಕಂಡವನಲ್ಲ. ಮುಂದೆ ಬ್ರಾಮಾ ಎಂಬವನ ಬೀಗದ ಕಾರ್ಖಾನೆಯಲ್ಲಿ ಮೇಸ್ತ್ರಿಯಾದನು. ವಾರಕ್ಕೆ 30 ಷಿಲಿಂಗ್ ಸಾಲದೆಂದಾಗ ಧಣಿ ಕಿವಿಗೊಡಲಿಲ್ಲ. 1797ರಲ್ಲಿ ಹೊರಬಂದು ಲಂಡನ್ನಿನಲ್ಲಿ ಸ್ವಂತ ಕಾರ್ಯಾಗಾರ ತೆರೆದನು.

ಆಗ ತಿರುಪಿನ ಸುತ್ತುಗಳನ್ನು ಬಹುಮಟ್ಟಿಗೆ ಕೈಯಳತೆಯಲ್ಲೇ ಕೊರೆಯುತ್ತಿದ್ದರು. ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಬೆರೆತುಹೋದರೆ ಜೋಡಿ ಹುಡುಕುವ ಪಾಡು ಬೇರೆ! ಮಾಡ್ಸ್ಲಿ, ತನ್ನ ಕೈ ಎಷ್ಟೇ ಪಳಗಿದ್ದರೂ, ಈ ಕೆಲಸಕ್ಕೆ ಅದನ್ನು ನಂಬಲಿಲ್ಲ. ಸುಮಾರು 1800ರಲ್ಲಿ ಅವನು ಕಟ್ಟಿದ ಲೇತಿನಲ್ಲಿ ಉಳಿಯನ್ನು ಹಿಡಿದದ್ದು ಜಾರುವ ಲೋಹದ ಪೀಠ. ಅದನ್ನು ಮುನ್ನಡೆಸಿದ್ದು ನಿಖರವಾದ ಉದ್ದನೆಯ ತಿರುಪು. ಹಲ್ಲುಚಕ್ರ ಬದಲಿಸಿದರೆ ಸುತ್ತಿನ ಅಂತರವೂ ಬದಲಾಗುತ್ತಿತ್ತು.

ಅವನ ಬಳಿ ದುಡಿದಿದ್ದ ವಿಟ್‌ವರ್ತ್ 1841ರಲ್ಲಿ ನಾಡಿಗೆಲ್ಲ ಒಂದೇ ಬಗೆಯ ಸುತ್ತನ್ನು ಸೂಚಿಸಿದನು. ಅದನ್ನು ಕಾಣಲು ಗುರುವಿರಲಿಲ್ಲ. ಅವನು 1831ರಲ್ಲೇ ತೀರಿಕೊಂಡಿದ್ದನು.