ಮನಸ್ಸಿನ ಕಾಯಿಲೆಯನ್ನು ಮನೆಮಾತಾಗಿಸಿದ ತ್ರಿವೇಣಿ

ಕಲ್ಪನಾ ನಟಿಸಿದ ‘ಶರಪಂಜರ’ದ ಹೆಸರು ಕೇಳದ ಕನ್ನಡಿಗರು ಗಲ್ಫ್‌ನಲ್ಲೂ ಕಡಿಮೆ. ಆದರೆ 1971ರಲ್ಲಿ ಸಿನಿಮಾ ಬಿಡುಗಡೆಯಾಗುವ ಎಂಟು ವರ್ಷ ಮೊದಲೇ ಆ ಕಥೆ ಬರೆದವರು ತೀರಿಹೋಗಿದ್ದರು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

1928ರ ಸೆಪ್ಟೆಂಬರ್ 1ರಂದು ಹುಟ್ಟಿದ ಅನಸೂಯಾ, ‘ತ್ರಿವೇಣಿ’ ಹೆಸರಿನಲ್ಲಿ ಬರೆದರು. ಬಿ.ಎಂ.ಶ್ರೀ ಅವರ ಮನೆತನದವರು. ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಲೇಖಕಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ ಬಿ.ಎ. ಮಾಡಿದರು. ಇಂಗ್ಲಿಷ್ ಮೇಷ್ಟರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾದರು. ಮೊದಲ ಕಾದಂಬರಿ ‘ಅಪಸ್ವರ’ 1953ರಲ್ಲಿ ಬಂತು. ಮುಂದಿನ ಹತ್ತೇ ವರ್ಷಗಳಲ್ಲಿ ಸುಮಾರು 20 ಕಾದಂಬರಿ, ಅಂದರೆ ವರ್ಷಕ್ಕೆ ಎರಡರ ಲೆಕ್ಕ. ಜೊತೆಗೆ ಸಣ್ಣಕಥೆಗಳು ಬೇರೆ.

ಓದಿದ ಮನಃಶಾಸ್ತ್ರ ಪುಸ್ತಕದಲ್ಲೇ ಉಳಿಯಲಿಲ್ಲ. ಬಾಣಂತನದಲ್ಲಿ ಹೆಂಗಸಿನ ಬುದ್ಧಿ ಸ್ತಿಮಿತ ತಪ್ಪಿದರೆ ದೆವ್ವ ಬಡಿದಿದೆ ಅಂತ ಮಂತ್ರವಾದಿ ಹತ್ತಿರ ಓಡುತ್ತಿದ್ದ ಕಾಲ ಅದು. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಹಾಗೇ ಆಗುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣವಾಗಿಯೇ ಮನೆಗೆ ಬರುತ್ತಾಳೆ. ಕಷ್ಟ ಶುರುವಾಗೋದು ಆಮೇಲೆ. ಅವಳು ನಕ್ಕರೂ ಸಿಟ್ಟಾದರೂ ಹುಚ್ಚು ಮರುಕಳಿಸಿತು ಅಂತಲೇ ಎಲ್ಲರಿಗೂ ಅನುಮಾನ. ಗಂಡ ಬೇರೊಬ್ಬಳ ಸಹವಾಸ ಮಾಡಿರುತ್ತಾನೆ. ವೈದ್ಯರು ವಾಸಿ ಮಾಡಿ ಕಳಿಸಿದವಳನ್ನು ಮನೆಯವರೇ ಮತ್ತೆ ಕಾಯಿಲೆಗೆ ನೂಕುತ್ತಾರೆ. ಯುದ್ಧದಿಂದ ಮನಸ್ಸು ಒಡೆದುಹೋದವನೊಬ್ಬನ ಕಥೆಯನ್ನು ವರ್ಜೀನಿಯಾ ವುಲ್ಫ್ ಲಂಡನ್ನಿನ ಬೀದಿಗಳಲ್ಲಿಟ್ಟು 1925ರಲ್ಲೇ ಇಂಗ್ಲಿಷಿನಲ್ಲಿ ಬರೆದಿದ್ದರು. ತ್ರಿವೇಣಿ ಅಂಥದೇ ನೋವನ್ನು ನಮ್ಮ ಅಡುಗೆಮನೆ, ನಡುಮನೆಗೆ ತಂದರು, ಅದೂ ಎಲ್ಲರಿಗೂ ಅರ್ಥವಾಗುವ ಸರಳ ಕನ್ನಡದಲ್ಲಿ.

‘ಬೆಳ್ಳಿಮೋಡ’ ವಿದೇಶಕ್ಕೆ ಬಂದವರು ಓದಲೇಬೇಕಾದ ಕಥೆ. ಎಸ್ಟೇಟಿನ ಒಬ್ಬಳೇ ವಾರಸುದಾರಳು ಇಂದಿರಾ. ಮದುವೆಯಾಗಬೇಕಾದ ಹುಡುಗ ಅವಳ ಅಪ್ಪನ ದುಡ್ಡಿನಲ್ಲೇ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ, ಹುಡುಗನ ಲೆಕ್ಕಾಚಾರವೂ ಬದಲಾಗುತ್ತದೆ. ಮುಂದೆ ಅವನೇ ಮನಸ್ಸು ಬದಲಿಸಿ ಕೇಳಿದಾಗ ಇಂದಿರಾ ಒಪ್ಪುವುದಿಲ್ಲ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಇದನ್ನು ಸಿನಿಮಾ ಮಾಡಿದರು.

ಇದ್ಯಾವುದನ್ನೂ ನೋಡಲು ತ್ರಿವೇಣಿ ಇರಲಿಲ್ಲ. 1963ರ ಜುಲೈನಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿಯ ಸಂಕಟವನ್ನು ಅಷ್ಟು ಹತ್ತಿರದಿಂದ ಬರೆದವರು, ಹೆರಿಗೆಯಾದ ಹತ್ತೇ ದಿನಕ್ಕೆ, ಜುಲೈ 29ರಂದು, ತಾವೇ ಬಾಣಂತಿಯಾಗಿ ಹೋಗಿಬಿಟ್ಟರು. ಆಗ ವಯಸ್ಸು 34. ಅರ್ಧಕ್ಕೆ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಬರೆದು ಮುಗಿಸಿದರು.