ಮೂಸಿಯ ನೆರೆಯೂ ವಿಶ್ವೇಶ್ವರಯ್ಯನವರೂ

ವಿಶ್ವೇಶ್ವರಯ್ಯನವರೆಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಕನ್ನಂಬಾಡಿಯ ಕಟ್ಟೆ. ಆದರೆ ಆ ಕೆಲಸ ಕೈಗೆ ಬರುವುದಕ್ಕೆ ಮೊದಲು, ಮೂಸಿಯೆಂಬ ಸಣ್ಣ ಹೊಳೆಯ ದಂಡೆಯಲ್ಲಿ ಅವರು ಕಳೆದ ಕೆಲವೇ ತಿಂಗಳುಗಳು ಕೆರೆಗಳ ನಾಡಿನಲ್ಲಿ ಬಾಳುವ ನಮಗೆ ಇನ್ನೂ ಹತ್ತಿರದವು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿಯ ಖಡಕವಾಸಲಾ ಕಟ್ಟೆಗೆ ಅವರು ಅಳವಡಿಸಿದ ಬಾಗಿಲುಗಳು, ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ತಾವಾಗಿಯೇ ತೆರೆದುಕೊಂಡು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. 1908ರಲ್ಲಿ ಆ ನೌಕರಿಯನ್ನು ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟವರಿಗೆ, ಇಟಲಿಯಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂದಿತು.

ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಮೂಸಿ ಆಗ ವರ್ಷದ ಬಹುಭಾಗ ತೆಳ್ಳಗೆ ಹರಿಯುವ ಹೊಳೆ. ನೂರಾರು ನೆರೆಗಳಲ್ಲಿ ತಾನೇ ಕೊರೆದು ಅಗಲಿಸಿದ ನೆಲವನ್ನು ಅದು ಬಹುಕಾಲ ಬರಿದಾಗಿ ಬಿಟ್ಟಿರುತ್ತಿತ್ತು. ಜನರು ಅದನ್ನು ತಮ್ಮದೆಂದೇ ಬಗೆದು ಮನೆಗಳನ್ನು ಕಟ್ಟಿಕೊಂಡಿದ್ದರು. 1908ರ ಸೆಪ್ಟೆಂಬರ್ 28ರಂದು ಹೊಳೆ ಹಿಂದಿರುಗಿತು. ಸತ್ತವರು ಸುಮಾರು 15,000 ಮಂದಿ ಎಂಬುದು ರೂಢಿಯ ಲೆಕ್ಕ. ಅಫ್ಜಲ್‌ಗಂಜಿನ ಒಂದು ಹುಣಿಸೆಯ ಮರವನ್ನೇರಿ ನೂರೈವತ್ತು ಜನ ಉಳಿದರೆಂದು ಹೇಳುತ್ತಾರೆ. ಆ ಮರ ನಮ್ಮ ಕಾಲದವರೆಗೂ ಬಾಳಿತು.

1909ರಲ್ಲಿ ಅಲ್ಲಿಗೆ ಬಂದ ವಿಶ್ವೇಶ್ವರಯ್ಯನವರು ನಗರದ ದಂಡೆಗಳನ್ನಷ್ಟೇ ನೋಡುತ್ತ ನಿಲ್ಲಲಿಲ್ಲ. ನೀರು ಬಂದ ದಾರಿಯನ್ನು ಹಿಡಿದು ಮೇಲಕ್ಕೆ ಹೋದರು. ಮಳೆಯ ಅಳತೆಗಳನ್ನು ಕಲೆಹಾಕಿದರು. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ನಗರದ ಮೇಲುಗಡೆ ಮೂಸಿಗೆ ನೀರು ಹರಿದುಬರುವ ನೆಲ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಎಂದರೆ ಹೆಚ್ಚುಕಡಮೆ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ನೆರೆಯ ಗುಟ್ಟಿನಲ್ಲಿ ಒಂದು ಪಾಲು ಇಲ್ಲಿದೆ. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಒಮ್ಮೆಗೇ ಬೀಳುತ್ತದೆ. ಅಷ್ಟನ್ನು ಆ ಕೆರೆಯ ಕೋಡಿ ತಾಳಲಾರದು. ಬರಗಾಲದಲ್ಲಿ ಊರನ್ನು ಸಲಹಿದ ಕೆರೆಯೇ ಆಗ ನೆರೆಯ ಕೈಯಾಳಾಗುತ್ತದೆ.

ಬೆಂಗಳೂರಿನ ದಕ್ಷಿಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳೇಕಹಳ್ಳಿಯ ಸುತ್ತಲೂ ಹೊಳೆಯಿಲ್ಲ. ಆದರೆ ಹುಳಿಮಾವು, ಅರೆಕೆರೆಗಳ ನೀರು ಮಡಿವಾಳದ ಕೆರೆಗೂ, ಅಲ್ಲಿಂದ ಅಗರ, ಬೆಳ್ಳಂದೂರು, ವರ್ತೂರುಗಳಿಗೂ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುವ ಸರಪಣಿಯೊಂದಿದೆ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. 2022ರ ಮಳೆಯಲ್ಲಿ ಬಿಳೇಕಹಳ್ಳಿಯ ತಗ್ಗಿನ ಬಡಾವಣೆಯಲ್ಲಿಯೂ ನೀರು ನಿಂತಿತು. ಅಲ್ಲಿ ರಾಜಕಾಲುವೆಯೇ ಹೊಳೆ. ಅದರ ಅಕ್ಕಪಕ್ಕದ ನೆಲವೂ ಒಂದು ಕಾಲಕ್ಕೆ ನೀರಿನದೇ.

ಅವರ ಲೆಕ್ಕದಂತೆ ಮಹಾಪೂರದ ಹೊತ್ತಿನಲ್ಲಿ ಮೂಸಿ ಸೆಕೆಂಡಿಗೆ 4,25,000 ಘನ ಅಡಿ ಹರಿದಿತ್ತು. ಇಷ್ಟನ್ನು ಊರೊಳಗೆ ಗೋಡೆ ಕಟ್ಟಿ ಸಾಗಿಸುವುದು ಆಗದ ಮಾತು. ಆದುದರಿಂದ ಮೂಸಿಗೊಂದು, ಅದರ ಉಪನದಿಯಾದ ಈಸಿಗೊಂದು ಜಲಾಶಯವನ್ನು ನಗರದ ಮೇಲುಗಡೆ ಕಟ್ಟಿ, ನೆರೆಯನ್ನು ಅಲ್ಲಿಯೇ ತಡೆದಿಟ್ಟು, ಪಾತ್ರ ತಾಳುವಷ್ಟನ್ನೇ ಕೆಳಗೆ ಬಿಡಬೇಕೆಂದು ಸೂಚಿಸಿದರು. 1909ರ ಅಕ್ಟೋಬರಿನಲ್ಲಿ ವರದಿಯನ್ನೊಪ್ಪಿಸಿ, ನವೆಂಬರಿನಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. ಮುಂದೆ 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾಯಿತು; 1912ರಿಂದ 1918ರವರೆಗೆ ದಿವಾನಗಿರಿ.

ಮೂಸಿಯ ಮೇಲೆ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕಟ್ಟಿದವರಲ್ಲಿ ಎಂಜಿನಿಯರ್ ಅಲಿ ನವಾಜ್ ಜಂಗ್ ಮುಖ್ಯರು. ಅವರ ಹೆಸರನ್ನು ನಾವು ಮರೆಯುವುದು ನ್ಯಾಯವಲ್ಲ. ಅವೇ ಕೆರೆಗಳು ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಇಲ್ಲೊಂದು ಇಕ್ಕಟ್ಟುಂಟು: ನೆರೆಗೆಂದು ಬರಿದಾಗಿರಬೇಕಾದ ಜಾಗವನ್ನೇ ಬಾಯಾರಿಕೆ ತುಂಬಿಸಿಡಬಯಸುತ್ತದೆ. 2020ರ ಅಕ್ಟೋಬರಿನ ಮಳೆಯಲ್ಲಿ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು. ಮೂಸಿಯ ತಗ್ಗಿನಲ್ಲಿ ಮತ್ತೆ ಮನೆಗಳು ನೀರಾದವು.

ವಿಶ್ವೇಶ್ವರಯ್ಯನವರು ನೂರು ದಾಟಿ ಬಾಳಿ, 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.